ಹುಸಿ ಪಣ

ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕಿನ ಊಟ ಮುಗಿಯಿತೆಂದರೆ ಇಸ್ಪೀಟಿನ ಕಟ್ಟು ಹೊರಬೀಳುವುದು ಬಹುಕಾಲದ ವಾಡಿಕೆ. ಹಳ್ಳಿಯಾಗಿದ್ದು ಬಡಾವಣೆಯಾಗಿ ಬೆಳೆದ ನಾಗರಬಾವಿಯಂಥ ಕಡೆಗಳಲ್ಲಿಯೂ ಅದು ಅಳಿದಿಲ್ಲ. ಹಿರಿಯರು ನಡುಮನೆಯಲ್ಲಿ ಜಮಖಾನೆ ಹಾಸಿ ಮೂರೆಲೆಗೆ ಕುಳಿತರೆ ಕಿರಿಯರು ಮಹಡಿಯ ಮೇಲೆ ಪೋಕರಿಗೆ ಕೂಡುತ್ತಾರೆ. ಪಣ ಹತ್ತಿಪ್ಪತ್ತು ರೂಪಾಯಿಯಿಂದ ಮೊದಲಾಗುತ್ತದೆ. ಎರಡು ಆಟಗಳಲ್ಲಿಯೂ ಗೆಲ್ಲಲು ಎರಡೇ ದಾರಿ: ಒಳ್ಳೆಯ ಎಲೆ ಬರಬೇಕು, ಇಲ್ಲವೆ ಬಂದಿದೆಯೆಂದು ಎದುರಾಳಿ ನಂಬಬೇಕು.

ಈ ಎರಡನೆಯ ದಾರಿ ಮಹಾಭಾರತದ ಜೂಜಿನಲ್ಲಿ ಇರಲಿಲ್ಲ. ಪಗಡೆಯ ಹಾಸು ಎಲ್ಲರ ಕಣ್ಣೆದುರಿಗೆ ತೆರೆದಿರುತ್ತದೆ. ಶಕುನಿ ಮೋಸಮಾಡಿದನೇ ಹೊರತು ಧರ್ಮರಾಯನನ್ನು ಹೆದರಿಸಿ ಎಬ್ಬಿಸಲಿಲ್ಲ. ಹೆದರಿಸಿದ್ದರೆ, ಪಾಪ, ಆತ ರಾಜ್ಯವನ್ನಾದರೂ ಉಳಿಸಿಕೊಳ್ಳುತ್ತಿದ್ದನೇನೋ!

ಮೂರೆಲೆಯನ್ನೂ ಪೋಕರನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ರಮ್ಮಿ ಕೌಶಲದ ಆಟ, ಮೂರೆಲೆ ಕೇವಲ ಅದೃಷ್ಟದ ಆಟ ಎಂದು ಸುಪ್ರೀಂ ಕೋರ್ಟು 1967ರಷ್ಟು ಹಿಂದೆಯೇ ಹೇಳಿತು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಕ್ಲಬ್ಬಿಗೆ ಪರವಾನಗಿ ಬೇಡವೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೋ, ಕೌಶಲವಿರಲಿ ಇಲ್ಲದಿರಲಿ, 2025ರ ಕೇಂದ್ರದ ಕಾನೂನು ನಿಷೇಧಿಸಿಯೇಬಿಟ್ಟಿತು. ಎಲೆಯನ್ನು ನೋಡದೆಯೇ ‘ಬ್ಲೈಂಡ್’ ಕಟ್ಟುತ್ತ ಎದುರಿನವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸುವ ಅಜ್ಜಂದಿರನ್ನು ಕಂಡವರಿಗೆ ಮೂರೆಲೆ ಕೇವಲ ಅದೃಷ್ಟವೆಂಬ ಮಾತು ಸುಲಭವಾಗಿ ಗಂಟಲಲ್ಲಿ ಇಳಿಯದು. ಅದನ್ನು ನಾಗರಬಾವಿಯಲ್ಲಿಯೇ ಇರುವ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ವಾದಿಸಿಕೊಳ್ಳಲಿ.

ಪೋಕರಿನ ಲೆಕ್ಕ ಮಾತ್ರ ವಾದಕ್ಕೆ ಎಡೆಗೊಡದು. ಕೊನೆಯ ಎಲೆ ಬಿದ್ದಿದೆ. ನಡುವೆ 300 ರೂಪಾಯಿ ಕೂಡಿದೆ. ಒಬ್ಬನ ಕೈಯಲ್ಲಿ ಏನೂ ಇಲ್ಲ. ಆತ 150 ರೂಪಾಯಿಯ ಹುಸಿ ಪಣ ಕಟ್ಟಿದರೆ, ಮೂರು ಸಲಕ್ಕೆ ಒಂದು ಸಲ ಎದುರಾಳಿ ಎಲೆ ಮಡಿಸಿದರೂ ನಷ್ಟವಿಲ್ಲ: ಎರಡು ಸಲ ಹೋದ 300 ಒಂದು ಸಲ ಬಂದ 300ಕ್ಕೆ ಸರಿಹೋಗುತ್ತದೆ. 300 ಕಟ್ಟಿದರೆ ಎರಡಕ್ಕೊಂದು ಸಲ ಫಲಿಸಬೇಕು. 600 ಕಟ್ಟಿದರೆ ಮೂರಕ್ಕೆ ಎರಡು ಸಲ. ಎದುರಿಗೆ ಮೂವರಿದ್ದು, ಒಬ್ಬೊಬ್ಬನೂ ಎರಡಕ್ಕೊಂದು ಸಲ ಮಡಿಸುವವನೇ ಆದರೂ, ಮೂವರೂ ಒಟ್ಟಿಗೆ ಮಡಿಸುವುದು ಎಂಟಕ್ಕೆ ಒಂದು ಸಲ ಮಾತ್ರ. ಹೊಸಬರು ಮರೆಯುವುದು ಇದನ್ನೇ.

ಇದಕ್ಕಿಂತ ದೊಡ್ಡ ತೊಡಕೆಂದರೆ, ಸಣ್ಣ ಪಣದ ಆಟದಲ್ಲಿ ಮಡಿಸುವವರೇ ವಿರಳ. ಹಬ್ಬದ ದಿನ, ಹೊಟ್ಟೆ ತುಂಬಿದೆ, ‘ನೋಡೇಬಿಡೋಣ’ ಎಂಬ ಕುತೂಹಲಕ್ಕೆ ನೂರೈವತ್ತು ರೂಪಾಯಿ ಹೆಚ್ಚಲ್ಲ. ಇಂಥ ಕೂಟದಲ್ಲಿ ಬಲ್ಲವರು ಹುಸಿಯನ್ನು ಬಹುಮಟ್ಟಿಗೆ ಕೈಬಿಟ್ಟು, ನಿಜವಾಗಿ ಎಲೆ ಬಂದಾಗ ಪಣವನ್ನು ಹಿಗ್ಗಿಸುತ್ತಾರೆ. 150ನ್ನು ಹತ್ತರಲ್ಲಿ ಐದು ಸಲ ಒಪ್ಪುವ ಭಾವಮೈದುನ 300ನ್ನು ನಾಲ್ಕು ಸಲವಾದರೂ ಒಪ್ಪಿಯಾನು. ಮೊದಲನೆಯದರಿಂದ 750 ಬಂದರೆ ಎರಡನೆಯದರಿಂದ 1,200. ಆದರೆ ದೊಡ್ಡ ಪಣವೆಲ್ಲ ನಿಜ, ಸಣ್ಣದೆಲ್ಲ ಹುಸಿ ಎಂದಾದರೆ, ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತ ಸೋದರತ್ತೆಗೆ ಅರ್ಧ ಗಂಟೆಯಲ್ಲಿ ಗುಟ್ಟು ತಿಳಿದುಹೋಗುತ್ತದೆ.

ಹಾಗಾದರೆ ಹುಸಿ ಫಲಿಸುವುದು ಯಾರ ಮೇಲೆ? ಹಣ ಎಲ್ಲರ ಕಿಸೆಯಲ್ಲಿಯೂ ಒಂದೇ ತೂಕದ್ದಲ್ಲ. ಸಾಫ್ಟ್‌ವೇರ್ ಸಂಬಳದ ಹುಡುಗನಿಗೆ 300 ರೂಪಾಯಿ ಒಂದು ಸಂಜೆಯ ತಿಂಡಿ ಕಾಫಿ. ಮಗಳ ಶಾಲೆಯ ಶುಲ್ಕಕ್ಕೆಂದು ತೆಗೆದಿಟ್ಟ ನೋಟುಗಳನ್ನು ಕಿಸೆಯಲ್ಲಿಟ್ಟುಕೊಂಡೇ, ‘ಬನ್ನಿ ಚಿಕ್ಕಪ್ಪ, ಒಂದಾಟ’ ಎಂಬ ಒತ್ತಾಯಕ್ಕೆ ಕುಳಿತ ಚಿಕ್ಕಪ್ಪನಿಗೆ ಅದು ಅಷ್ಟು ಹಗುರಲ್ಲ. ಮೂರಕ್ಕೆ ಎರಡು ಸಲ ಮಡಿಸುವವನು ಆ ಕೂಟದಲ್ಲಿ ಇದ್ದರೆ ಅವನೊಬ್ಬನೇ. ಲೆಕ್ಕ ಬಲ್ಲವನ ಕಣ್ಣು ಅವನನ್ನೇ ಹುಡುಕುತ್ತದೆ. ಬಂಧುಗಳ ನಡುವೆ ಇದು ಎಲ್ಲರೂ ಬಲ್ಲ, ಯಾರೂ ಬಾಯಿಬಿಡದ ಸಂಗತಿ. ಹುಡುಗ 600 ಮುಂದಿಡುತ್ತಾನೆ. ಚಿಕ್ಕಪ್ಪ ಎರಡು ಸಲ ಎಲೆ ಎತ್ತಿ ನೋಡಿ, ಜೋಡಿ ರಾಜರನ್ನು ಬೋರಲಾಗಿ ಸರಿಸಿ, ‘ನೀನೇ ತೊಗೊಳಪ್ಪ’ ಎಂದು ನಗುತ್ತಾನೆ. ಹುಡುಗ ನಡುವಿನ ಹಣವನ್ನು ಬಳಿದುಕೊಳ್ಳುತ್ತಾನೆ. ಮಡಿಸಿದವನಿಗೆ ತನ್ನ ಎಲೆಯನ್ನು ತೋರಿಸಬೇಕೆಂಬ ನಿಯಮ ಆ ಆಟದಲ್ಲಿಲ್ಲ.