ಒಂದು ಷರತ್ತು, ಹಲವು ಕರಾರು

ಕಳೆದ ಆಷಾಢದಲ್ಲಿ ನಮ್ಮ ಮನೆಯ ನೀರು ಶೋಧಿಸುವ ಯಂತ್ರವು ಕೆಟ್ಟಿತು. ವರ್ಷಾವಧಿಯ ದುರಸ್ತಿಗಾಗಿ ಕರಾರು ಮಾಡಿಕೊಂಡು ಹಣವನ್ನು ಮುಂಗಡವಾಗಿಯೇ ತೆತ್ತಿದ್ದೆವು. ಬಂದ ಕೆಲಸಗಾರನು ಯಂತ್ರವನ್ನು ಬಿಚ್ಚಿ ನೋಡಿ, "ಮೆಂಬ್ರೇನ್ ಹೋಗಿದೆ ಸಾರ್, 1,900 ರೂಪಾಯಿ ಆಗುತ್ತೆ" ಎಂದನು. ಅದನ್ನು ಉಚಿತವಾಗಿ ಹಾಕಿಕೊಡುವುದಾಗಿ ಕರಾರಿನಲ್ಲಿದೆಯಲ್ಲವೆ ಎಂದು ಕೇಳಲು, ಅವನು ತನ್ನ ಫೋನಿನಲ್ಲಿ ನನ್ನ ಕರಾರನ್ನು ತೆಗೆದು ತೋರಿಸಿದನು. ಹೆಸರು ನನ್ನದೇ, ಸಂಖ್ಯೆಯೂ ನನ್ನದೇ. ಆದರೆ ಬಿಡಿಭಾಗಗಳಿಗೆ ಬೆಲೆ ತೆರಬೇಕೆಂದು ಅಲ್ಲಿ ಬರೆದಿದ್ದಿತು. ನಮ್ಮ ಮನೆಯವರು ಬೀರುವಿನಿಂದ ಅಚ್ಚಿನ ಕಾಗದವನ್ನು ತಂದರು. ಅದರಲ್ಲಿ 'ಉಚಿತ' ಎಂದೇ ಇದ್ದಿತು. ಒಂದೇ ಕರಾರಿಗೆ ಎರಡು ಪಾಠಗಳು ಹುಟ್ಟಿದುದು ಹೇಗೆ?

ಈ ಗಂಟನ್ನು ಬಿಡಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಅವನು ವರ್ತಕರ ವ್ಯವಹಾರಕ್ಕೆ ಬೇಕಾದ ಸಾಫ್ಟ್‌ವೇರ್ ರಚಿಸುವ ಉದ್ಯೋಗದಲ್ಲಿರುವನು. ಅವನು ಹೇಳಿದುದರ ಸಾರಾಂಶವಿಷ್ಟು: ಸಾವಿರಾರು ಗಿರಾಕಿಗಳುಳ್ಳ ವರ್ತಕನು ಬೆಲೆ, ಪಾವತಿ, ಸಾಗಣೆ, ಸರಕನ್ನು ಹಿಂದಿರುಗಿಸುವಿಕೆ ಇವುಗಳ ಷರತ್ತುಗಳನ್ನು ಒಂದೊಂದು ಕರಾರಿನಲ್ಲಿಯೂ ಬೇರೆ ಬೇರೆಯಾಗಿ ಬರೆಯುವುದಿಲ್ಲ. ಎಲ್ಲರಿಗೂ ಸಮಾನವಾದುವನ್ನು ಒಂದು ಮೂಲ ಕರಾರಿನಲ್ಲಿ ಬರೆದಿಟ್ಟು, ಉಳಿದ ಕರಾರುಗಳಲ್ಲಿ ಆ ಮೂಲದ ನಿರ್ದೇಶವನ್ನು ಮಾತ್ರ ಇಡುತ್ತಾನೆ. ಒಬ್ಬ ಗಿರಾಕಿಗೆ ವಿಶೇಷವಾದುದೇನಾದರೂ ಇದ್ದರೆ ಅದನ್ನಷ್ಟೇ ಅವನ ಕರಾರಿನಲ್ಲಿ ಸೇರಿಸುತ್ತಾನೆ. ಐ.ಬಿ.ಎಂ. ಸಂಸ್ಥೆಯು ರೂಪಿಸಿ, 2019ರಲ್ಲಿ ಎಚ್.ಸಿ.ಎಲ್. ಸಂಸ್ಥೆಯ ವಶಕ್ಕೆ ಬಂದ ವೆಬ್‌ಸ್ಫಿಯರ್ ಕಾಮರ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಇಂಥ ಏರ್ಪಾಡು ಬಹುಕಾಲದಿಂದ ಇದೆ.

ಇದನ್ನು ಕೇಳಿ ನನಗೆ ಪಾಣಿನಿಯ ನೆನಪಾಯಿತು. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಆದಿಯಲ್ಲಿ ಪ್ರತ್ಯಯವೆಂಬ ಸಂಜ್ಞೆಯನ್ನು ಒಮ್ಮೆ ಹೇಳಿದರೆ, ಅದು ಐದನೆಯ ಅಧ್ಯಾಯದ ಕೊನೆಯವರೆಗೂ ಅನುವರ್ತಿಸುತ್ತದೆ. ಸಾಮಾನ್ಯ ವಿಧಿಯಾದ ಉತ್ಸರ್ಗವನ್ನು ವಿಶೇಷ ವಿಧಿಯಾದ ಅಪವಾದವು ಬಾಧಿಸುತ್ತದೆ. ಕರಾರುಗಳಲ್ಲಿಯೂ ನ್ಯಾಯವು ಹೆಚ್ಚಾಗಿ ಇದೇ: ಅಚ್ಚಿನ ಸಾಮಾನ್ಯ ಷರತ್ತಿಗೂ, ಉಭಯರೂ ಮಾತನಾಡಿ ಪ್ರತ್ಯೇಕವಾಗಿ ಬರೆಸಿದ ಷರತ್ತಿಗೂ ವಿರೋಧ ಬಂದಲ್ಲಿ ಬರೆಸಿದುದೇ ಪ್ರಬಲ.

ಆದರೆ ಒಂದು ಭೇದವುಂಟು. ಪಾಣಿನಿಯ ಸೂತ್ರಪಾಠವು ನಿಂತ ಪಾಠ. ವರ್ತಕನ ಮೂಲ ಕರಾರಾದರೋ ಆಗಾಗ ತಿದ್ದಲ್ಪಡತಕ್ಕದ್ದು. ಒಂದೆಡೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತಾಗುವುದು ಅನುಕೂಲವೇ ಸರಿ. ಸರ್ಕಾರವು ತೆರಿಗೆಯ ದರವನ್ನು ಬದಲಾಯಿಸಿದಾಗ ಸಾವಿರ ಕಾಗದಗಳನ್ನು ತಿದ್ದುವ ಶ್ರಮವಿಲ್ಲ. ಆದರೆ ಅದೇ ಅನುಕೂಲದಿಂದ ಹಿಂದೆ ಕೊಟ್ಟ ಮಾತೂ ಯಾರಿಗೂ ತಿಳಿಯದಂತೆ ತಿದ್ದಿಹೋಗಬಹುದು. ಆದುದರಿಂದ ಬಲ್ಲವರು ಮೂಲದ ಪ್ರತಿಯೊಂದು ಪಾಠವನ್ನೂ ತಾರೀಖಿನೊಡನೆ ಕಾಪಾಡಿ, ಸಹಿಯಾದ ದಿನದ ಪಾಠಕ್ಕೇ ಆಯಾ ಕರಾರನ್ನು ಬಂಧಿಸುತ್ತಾರೆ. ನಮ್ಮ ವಿಷಯದಲ್ಲಿ ಹೊಸ ಗಿರಾಕಿಗಳಿಗೆಂದು ಮಾಡಿದ ಷರತ್ತು ಹಳಬರ ತಲೆಯ ಮೇಲೂ ಬಂದು ಕುಳಿತಿದ್ದಿತು.

ಕಾಯಿದೆಯು ಈ ವಿಷಯದಲ್ಲಿ ಮೌನವಾಗಿಲ್ಲ. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 13ನೆಯ ಕಲಮಿನ ಪ್ರಕಾರ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. 62ನೆಯ ಕಲಮಿನ ಪ್ರಕಾರ, ಹಳೆಯ ಕರಾರನ್ನು ಬದಲಾಯಿಸಲು ಉಭಯರ ಒಪ್ಪಿಗೆಯೂ ಇರಬೇಕು. 'ಷರತ್ತುಗಳನ್ನು ಬದಲಾಯಿಸುವ ಹಕ್ಕು ನಮ್ಮದು' ಎಂದು ಮೊದಲೇ ಸಣ್ಣ ಅಕ್ಷರದಲ್ಲಿ ಬರೆಸಿಕೊಳ್ಳುವ ಜಾಣರೂ ಉಂಟು. ಗ್ರಾಹಕನ ಹಕ್ಕುಗಳನ್ನು ಗಣನೀಯವಾಗಿ ಪಲ್ಲಟಗೊಳಿಸುವ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ಕರಾರೆಂದು ಕರೆದು, ಅಂಥ ಷರತ್ತುಗಳನ್ನು ಅಸಿಂಧುವೆಂದು ಸಾರುವ ಅಧಿಕಾರವನ್ನು ರಾಜ್ಯ ಗ್ರಾಹಕ ಆಯೋಗಕ್ಕೆ ಕೊಟ್ಟಿದೆ.

ನಾನು ಕಾಗದದ ಪ್ರತಿಯನ್ನು ಲಗತ್ತಿಸಿ ಕಂಪನಿಗೆ ಪತ್ರ ಬರೆದೆನು. ಎಂಟು ದಿನಗಳಲ್ಲಿ ಮೆಂಬ್ರೇನ್ ಉಚಿತವಾಗಿಯೇ ಬಂದಿತು. ಆದರೆ ನಮ್ಮ ಬೀದಿಯ ವಿಧವೆಯೊಬ್ಬರು ಅದೇ ತಿಂಗಳು, ಅದೇ ಕರಾರಿನ ಮೇಲೆ 1,900 ರೂಪಾಯಿ ತೆತ್ತಿದ್ದರು. ಅವರಲ್ಲಿ ಕಾಗದವಿರಲಿಲ್ಲ, ಫೋನಿನಲ್ಲಿ ತೋರಿಸಿದುದನ್ನೇ ನಂಬಿದರು. ಈಗ ಅವರ ಪರವಾಗಿಯೂ ಪತ್ರ ಬರೆದು, ಅವರು ಹಣ ಕಟ್ಟಿದ ದಿನ ಜಾರಿಯಲ್ಲಿದ್ದ ಷರತ್ತಿನ ಪಾಠವನ್ನು ಕಳುಹಿಸಬೇಕೆಂದು ಕೇಳಿದ್ದೇನೆ. ಉತ್ತರವಿನ್ನೂ ಬಂದಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿದು. ವಿಮೆಯಾಗಲಿ, ದುರಸ್ತಿಯಾಗಲಿ, ದೂರವಾಣಿಯಾಗಲಿ, ಹಣ ಕಟ್ಟಿದ ದಿನವೇ ಷರತ್ತುಗಳ ಪ್ರತಿಯನ್ನು ತೆಗೆದು ತಾರೀಖು ಹಾಕಿಡಿರಿ. ಫೋನಿನಲ್ಲಿ 'ಒಪ್ಪಿದೆ' ಎಂಬುದನ್ನು ಒತ್ತುವುದಕ್ಕೆ ಮುನ್ನ ಆ ಪುಟವನ್ನು ಉಳಿಸಿಕೊಳ್ಳಿರಿ. ಬಾಯಲ್ಲಿ ಹೇಳಿದ ವಿಶೇಷವನ್ನು ಬರೆಸಿಕೊಳ್ಳಿರಿ. 'ಈಗ ಷರತ್ತು ಹೀಗಿದೆ' ಎಂದು ಯಾರಾದರೂ ಹೇಳಿದರೆ, 'ನಾನು ಒಪ್ಪಿದ ದಿನ ಹೇಗಿತ್ತು?' ಎಂದು ಕೇಳಿರಿ. ಅಕ್ಕಪಕ್ಕದಲ್ಲಿ ಓದಲು ಬಾರದವರಿದ್ದರೆ ಅವರ ಕಾಗದವನ್ನೂ ಒಮ್ಮೆ ಓದಿ ಹೇಳಿರಿ.