ತಿರುಗಿ ಕೆಡದ ಹೆಣ್ಣು

ಹಿರಿಯ ಹೆಂಗಸೊಬ್ಬರು ತೀರಿಕೊಂಡರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಉತ್ತರಕ್ರಿಯೆಯ ಊಟಕ್ಕೆ ಕುಳಿತವರು ಆಡುವ ಮಾತು ಹೆಚ್ಚು ಕಡಮೆ ಒಂದೇ. "ಪಾಪ, ಹೊಸಿಲು ದಾಟಿದವರಲ್ಲ, ಬಂದವರಿಗೆಲ್ಲ ಬಡಿಸಿದವರು." ಬಡಿಸಿದ್ದು ನಿಜ. ಹೊಸಿಲು ದಾಟಲಿಲ್ಲ ಎನ್ನುವುದು ಎಷ್ಟೋ ಮನೆಗಳಲ್ಲಿ ಸುಳ್ಳು. ಸಂಪಾಜೆ ಘಾಟಿ ಹತ್ತಿ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದವರಲ್ಲಿ ಹೆಂಗಸರೂ ಇದ್ದರು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕಾಡುದಾರಿಯಲ್ಲಿ ಸುಬ್ರಹ್ಮಣ್ಯದ ಷಷ್ಠಿಗೆ ನಡೆದವರಿದ್ದರು. ಹೋಟೆಲು ಕೆಲಸದ ಗಂಡನ ಹಿಂದೆ ಭಾಷೆ ಬಾರದ ಮುಂಬಯಿಗೆ ಹೋಗಿ, ಒಂದೇ ಕೋಣೆಯಲ್ಲಿ ಸಂಸಾರ ಹೂಡಿ, ಮುದುಕಿಯಾಗಿ ಊರಿಗೆ ಮರಳಿದವರಿದ್ದರು. ಅವರು ಸತ್ತಾಗ ಮೊಮ್ಮಕ್ಕಳಿಗೆ ನೆನಪಾಗುವುದು ಅಜ್ಜಿಯ ಪತ್ರೊಡೆ. ಅಜ್ಜಿ ಕಂಡ ಊರುಗಳ ಸುದ್ದಿಯನ್ನು ಯಾರೂ ಕೇಳಿರುವುದಿಲ್ಲ.

ಕೂತು ಗಂಡು ಕೆಟ್ಟ, ತಿರುಗಿ ಹೆಣ್ಣು ಕೆಟ್ಟಳು ಎಂದು ನಮ್ಮಲ್ಲೊಂದು ಗಾದೆಯಿದೆ. ಕಟ್ಟಿದವನು ಗಂಡಸೇ ಇರಬೇಕು. ದೇಶ ಸುತ್ತು, ಕೋಶ ಓದು ಎಂಬ ಇನ್ನೊಂದು ಗಾದೆಯನ್ನು ಅದೇ ಬಾಯಿ ಮಗನಿಗೆ ಹೇಳುತ್ತದೆ. ಈ ಎರಡು ಗಾದೆಗಳ ನಡುವಿನ ಮೋಸವನ್ನು ಬಯಲಿಗೆಳೆದ ಹೆಂಗಸೊಬ್ಬರು ಈ ಜಿಲ್ಲೆಯಲ್ಲೇ ಹುಟ್ಟಿದರು. ಸಮಾಜವಾದಿಗಳ ಕುಟುಂಬಕ್ಕೂ ಅವರು ಹಿರಿಯಮ್ಮ. ಅವರ ನೆನಪನ್ನು ಓದುಗರ ಮುಂದಿಡುವುದು ನಮ್ಮ ಸಾಲ.

ಕಮಲಾದೇವಿ ಚಟ್ಟೋಪಾಧ್ಯಾಯರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದರು. 1988ರ ಅಕ್ಟೋಬರ್ 29ರಂದು ತೀರಿಕೊಂಡರು. ತಂದೆ ಅನಂತಯ್ಯ ಧಾರೇಶ್ವರರು ಹಿರಿಯ ಸರಕಾರೀ ಅಧಿಕಾರಿ. ಮಗಳಿಗೆ ಏಳು ವರ್ಷವಾದಾಗ ಅವರು ಮರಣಶಾಸನ ಬರೆಯದೆ ತೀರಿಹೋದರು. ನಮ್ಮ ಅಳಿಯಸಂತಾನದ ಮನೆಗಳಲ್ಲಾದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಹಿರಿಯ ಹೆಂಗಸು ಯಜಮಾನ್ತಿಯಾಗಿ ಕೂರಬಹುದಿತ್ತು. ಈ ಸಾರಸ್ವತ ಮನೆಗೆ ಆ ಕಟ್ಟಳೆ ಇರಲಿಲ್ಲ. ಆಸ್ತಿಯೆಲ್ಲ ಮಲಮಗನ ಪಾಲಾಯಿತು. ವಿಧವೆ ಗಿರಿಜಾಬಾಯಿಗೂ ಹೆಣ್ಣುಮಕ್ಕಳಿಗೂ ತಿಂಗಳ ಖರ್ಚಿಗೆಂದು ಒಂದಿಷ್ಟು ಹಣ ಗೊತ್ತಾಯಿತು. ಗಿರಿಜಾಬಾಯಿ ಆ ಹಣ ಬೇಡವೆಂದರು. ತವರಿನಿಂದ ತಮಗೆ ಬಂದಿದ್ದರಲ್ಲೇ ಮಕ್ಕಳನ್ನು ಸಾಕಿದರು. ಮಗಳ ಮುಂದಿನ ತಿರುಗಾಟಕ್ಕೆಲ್ಲ ಬುತ್ತಿ ಕಟ್ಟಿದ್ದು ಈ ತಾಯಿಯ ಹಟ ಎಂದೇ ನಮ್ಮ ಎಣಿಕೆ.

ಆದರೂ ಜಾತಿಯ ಪದ್ಧತಿ ಬಿಡಲಿಲ್ಲ. ಹದಿನಾಲ್ಕಕ್ಕೆ ಮದುವೆ, ಎರಡು ವರ್ಷದೊಳಗೆ ವೈಧವ್ಯ. ಆ ಕಾಲದ ಬಾಲವಿಧವೆಯ ಗತಿ ಏನೆಂದು ನಾವು ಹೇಳಬೇಕಾಗಿಲ್ಲ. ಗಿರಿಜಾಬಾಯಿ ಮಗಳನ್ನು ಮೂಲೆಯಲ್ಲಿ ಕೂರಿಸದೆ ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಕಳಿಸಿದರು. ಅಲ್ಲಿಂದ ಮುಂದೆ ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರೊಡನೆ ಮರುಮದುವೆ, ಲಂಡನ್ನಿನಲ್ಲಿ ಓದು, ಅಸಹಕಾರದ ಕರೆಗೆ ಓಗೊಟ್ಟು ಊರಿಗೆ ವಾಪಸು. 1926ರಲ್ಲಿ ಮದರಾಸಿನ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಹೆಂಗಸು ಮತ ಕೇಳಲು ಬಂದದ್ದನ್ನು ಜನ ಆಗಲೇ ಮೊದಲು ನೋಡಿದ್ದು.

1930ರ ಉಪ್ಪಿನ ಸತ್ಯಾಗ್ರಹದ ಸಂಗತಿಯನ್ನು ನಮ್ಮ ವ್ಯಾಪಾರಿ ಬಂಧುಗಳು ವಿಶೇಷವಾಗಿ ಕೇಳಬೇಕು. ಗಾಂಧೀಜಿಯವರು ಮೊದಲು ಹೆಂಗಸರನ್ನು ಅದಕ್ಕೆ ಸೇರಿಸಿಕೊಳ್ಳಲು ಒಪ್ಪಿರಲಿಲ್ಲ. ಕಮಲಾದೇವಿ ಹೋಗಿ ವಾದಿಸಿದರು. ಮುಂಬಯಿಯಲ್ಲಿ ಕಾನೂನು ಮುರಿದ ಮೊದಲ ತಂಡದ ಏಳು ಮಂದಿಯಲ್ಲಿ ಅವರೂ ಅವಂತಿಕಾಬಾಯಿ ಗೋಖಲೆಯವರೂ ಸೇರಿ ಇಬ್ಬರು ಹೆಂಗಸರು. ಕಡಲ ನೀರು ಕಾಯಿಸಿ ಉಪ್ಪು ಮಾಡಿ ಅವರು ಸುಮ್ಮನೆ ಕೂರಲಿಲ್ಲ. ಪೊಟ್ಟಣ ಕಟ್ಟಿ ಮಾರಲು ಹೊರಟರು. ಎಲ್ಲಿಗೆ? ಕೋಟ್ಯಧೀಶರ ಶೇರು ಮಾರುಕಟ್ಟೆಯೊಳಕ್ಕೆ. ಅಷ್ಟಕ್ಕೆ ಸಾಲದೆ ಹೈಕೋರ್ಟಿಗೂ ನುಗ್ಗಿ, ಸ್ವಾತಂತ್ರ್ಯದ ಉಪ್ಪು ಬೇಕೇ ಎಂದು ನ್ಯಾಯಾಧಿಕಾರಿಯನ್ನೇ ಕೇಳಿದರು. ಪೊಟ್ಟಣ ಕಟ್ಟಿ ಮಾರುವ ಕಸುಬನ್ನು ಕೀಳೆಂದು ಕಾಣುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಆ ದಿನ ಮುಂಬಯಿಯಲ್ಲಿ ಇರಬೇಕಿತ್ತು! ಶಿಕ್ಷೆಯಾಗಿ ಸುಮಾರು ಒಂದು ವರ್ಷ ಜೈಲು.

ಆಗ ಅವರಿಗೆ ಚಿಕ್ಕ ಮಗನಿದ್ದ. ತಾಯಿ ಹೀಗೆ ಜೈಲು, ಹಡಗು, ರೈಲು ಎಂದು ಹೋದರೆ ಮಗುವಿನ ಗತಿಯೇನು ಎಂದು ಕೇಳುವವರು ಇಂದಿಗೂ ಸಿಗುತ್ತಾರೆ. ಕೇಳಲಿ. ಜೈಲಿಗೆ ಹೋದ ಗಂಡಸರ ಮಕ್ಕಳ ವಿಷಯದಲ್ಲೂ ಅದೇ ಪ್ರಶ್ನೆ ಹಾಕಿದ ಮೇಲೆ ಉತ್ತರ ಕೊಡೋಣ. ಗಂಡನೊಡನೆ ಹೊಂದದಾದಾಗ ಅವರಿಂದ ಬೇರೆಯಾದರು, ಅದನ್ನೂ ಮುಚ್ಚಿಡಲಿಲ್ಲ. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ ವಹಿಸಿದರು.

ಎರಡನೆಯ ಮಹಾಯುದ್ಧ ಶುರುವಾದಾಗ ಅವರು ಹೊರದೇಶದಲ್ಲಿದ್ದರು. ಹೆದರಿ ಮನೆ ಸೇರುವ ಬದಲು ಅಮೆರಿಕ ಸುತ್ತಿ, ಜಪಾನು ಮತ್ತು ಚೀನಾ ನೋಡಿಕೊಂಡು ಬಂದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರಿಗೆ ಬೇರೆ ಡಬ್ಬಿ, ಕರಿಯರಿಗೆ ಬೇರೆ ಡಬ್ಬಿ. 1941ರಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತಿದ್ದ ಕಮಲಾದೇವಿಯನ್ನು ಟಿಕೇಟು ನೋಡುವವನು ಏಳಿಸಲು ಬಂದ. ಅವರು ಏಳಲಿಲ್ಲ. ಹೋದವನು ಮತ್ತೆ ಬಂದು, ಯಾವ ದೇಶದವರೆಂದು ವಿಚಾರಿಸಿದ. ಇಂಡಿಯಾದವಳು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪರದೇಶದ ಅತಿಥಿ ಎಂದು ಬಿಟ್ಟುಬಿಡುತ್ತಿದ್ದ. ಯಾವ ದೇಶವಾದರೇನು, ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಅವನು ಗೊಣಗುತ್ತ ಹೋದ. ಬಸ್ಸಿನಲ್ಲಿ ಜಾಗ ಬಿಡೆನೆಂದು ರೋಸಾ ಪಾರ್ಕ್ಸ್ ಕುಳಿತದ್ದು ಇದಾಗಿ 14 ವರ್ಷಗಳ ಮೇಲೆ, 1955ರಲ್ಲಿ. ಹೋಟೆಲಿನ ಹೊರಗೆ ನಿಲ್ಲಿಸಿ ಗೆರಟೆಯಲ್ಲಿ ಚಾ ಹೊಯ್ಯುತ್ತಿದ್ದ ಊರುಗಳ ನಾವು ಈ ರೈಲಿನ ಕತೆಯನ್ನು ಅಮೆರಿಕದ ಕತೆ ಎಂದು ಓದಿ ಮುಗಿಸುವಂತಿಲ್ಲ. ತನಗೆ ಸಿಕ್ಕ ರಿಯಾಯಿತಿಯನ್ನು, ಅದು ಪಕ್ಕದವನಿಗಿಲ್ಲ ಎಂಬ ಕಾರಣಕ್ಕೆ ಬೇಡವೆನ್ನಲು ಎಷ್ಟು ಜನರಿಗೆ ಮನಸ್ಸು ಬರುತ್ತದೆ?

ದೇಶ ಒಡೆದ ಮೇಲೆ ವಾಯವ್ಯ ಗಡಿ ಪ್ರಾಂತದಿಂದ ಬಂದ ಸುಮಾರು 50,000 ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಟ್ಟುವ ಕೆಲಸಕ್ಕೆ ಅವರು ಕಟ್ಟಿದ ಸಹಕಾರಿ ಒಕ್ಕೂಟ ಕೈ ಹಾಕಿತು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ. ಆಗ ಮತ್ತೆ ತಿರುಗಾಟ, ಈ ಸಲ ನೇಕಾರರ, ಕುಂಬಾರರ, ಬುಟ್ಟಿ ಹೆಣೆಯುವವರ ಹಟ್ಟಿಗಳಿಗೆ. ಕೈಯಲ್ಲಿ ವಿದ್ಯೆಯಿದ್ದರೂ ಕಚ್ಚಾ ಸಾಮಾನು ಸಿಗದೆ, ಕೊಳ್ಳುವವನು ಸಿಗದೆ ಕಸುಬುದಾರ ಸೋಲುತ್ತಾನೆಂದು ಕಣ್ಣಾರೆ ಕಂಡು, ಮಾರಾಟದ ಮಳಿಗೆಗಳಿಗೆ ಬಲ ಕೊಟ್ಟರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗ ಅವರ ಹೆಸರೆತ್ತಿದರೆ ತಿಳಿದವರಿಗೂ ಮುಂದೆ ಬರುವುದು ಗಾಜಿನ ಕಪಾಟಿನ ರೇಷ್ಮೆ ಸೀರೆ. ಗೇರುಬೀಜದ ಕಾರ್ಖಾನೆಯ ಹೆಂಗಸು ಅದರ ಬೆಲೆಯ ಚೀಟಿ ನೋಡಿ ಹಿಂದೆ ಸರಿಯಬೇಕು. ಉಪ್ಪು ಮಾರಿದವರನ್ನು ಸೀರೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು ಸರಿಯಲ್ಲ. ಅಜ್ಜಿಯನ್ನು ಪತ್ರೊಡೆಯಲ್ಲಿ ಮುಗಿಸುವವರೂ ಮಾಡುವುದು ಇದನ್ನೇ.

2023ರ ಜೂನ್ 11ರಂದು ರಾಜ್ಯದಲ್ಲಿ ಹೆಂಗಸರಿಗೆ ಸರಕಾರೀ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾಯಿತು. ಅಂದಿನಿಂದ ನಮ್ಮ ಚಾದಂಗಡಿಗಳಲ್ಲಿ ಒಂದು ನಗೆಯೂ ಆರಂಭವಾಗಿದೆ. "ಮುದುಕಿಯರಿಗೆಲ್ಲ ಈಗ ಕುಕ್ಕೆ, ಧರ್ಮಸ್ಥಳ! ಮನೆಯಲ್ಲಿ ಗಂಜಿ ಬೇಯಿಸುವವರಿಲ್ಲ." ನಲ್ವತ್ತು ವರ್ಷ ಬೀಡಿ ಕಟ್ಟಿ, ಬ್ರಾಂಚಿಗೂ ಮನೆಗೂ ಮಾತ್ರ ನಡೆದ ಹೆಂಗಸು ತನ್ನ ಅರುವತ್ತನೆಯ ವರ್ಷದಲ್ಲಿ ಜೊತೆಗಾತಿಯರೊಡನೆ ಕಿಟಕಿಯ ಬದಿ ಕುಳಿತು ಘಾಟಿ ನೋಡಿದರೆ ಯಾರ ಗಂಟು ಹೋಯಿತು? ದೇವರ ಹೆಸರಿನಲ್ಲಿ ಹೊರಟರೂ ಆಕೆ ಕಾಣುವುದು ದೇಶವನ್ನೇ. ಬಸ್ಸು ತುಂಬಿ ದುಡಿಯುವ ಗಂಡಸರಿಗೆ ನಿಲ್ಲಲು ಜಾಗವಿಲ್ಲ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಆ ದೂರನ್ನು ಹೆಚ್ಚು ಬಸ್ಸು ಕೇಳಿ ಡಿಪೋದ ಬಾಗಿಲಿಗೆ ಒಯ್ಯಬೇಕು, ಮುದುಕಿಯ ಮುಖಕ್ಕಲ್ಲ. ಕಡಬದ, ಸುಳ್ಯದ ಒಳಹಳ್ಳಿಗಳಿಗೆ ಸಂಜೆ ಏಳರ ಮೇಲೂ ಬಸ್ಸು ಓಡಲಿ, ನಿಲ್ದಾಣಗಳಲ್ಲಿ ಹೆಂಗಸರ ಪಾಯಿಖಾನೆಗೆ ನೀರಿರಲಿ ಎಂದು ಮನವಿ ಬರೆದರೆ ಅದಕ್ಕೆ ಮೊದಲ ರುಜು ನಮ್ಮದು.

ಮನೆಯಲ್ಲಿ ಅಜ್ಜಿ ಇನ್ನೂ ಇದ್ದರೆ, ಈ ಭಾನುವಾರ ಹತ್ತಿರ ಕುಳಿತು, ಯಾವ ಯಾವ ದಾರಿಯಲ್ಲಿ ನಡೆದಿರಿ ಎಂದು ಕೇಳಿ ಒಂದು ಕಾಗದದಲ್ಲಿ ಬರೆದಿಡಿ.