ಬೆನ್ನ ಮೇಲಿನ ಕೂಸು, ಕಂಕುಳಲ್ಲಿನ ಕೂಸು

ಕೊರಿಯನ್ ಭಾಷೆಯಲ್ಲಿ ಹೊರುವ, ಹಿಡಿಯುವ, ಎತ್ತಿಕೊಳ್ಳುವ ಕೆಲಸಗಳನ್ನು ಹೇಳಬೇಕಾದವರು, ಕ್ರಿಯಾಪದವನ್ನು ಆಯ್ದುಕೊಳ್ಳುವ ಮೊದಲೇ ಭಾರ ಮೈಯ ಯಾವ ಭಾಗದ ಮೇಲೆ ಕೂತಿದೆ ಎಂಬುದನ್ನು ಗಮನಿಸಬೇಕಾಗುತ್ತದೆ. ಕೈಯಲ್ಲಿ ಎತ್ತಿ ಹಿಡಿದರೆ ‘ದುಲ್ದಾ’, ಹೆಗಲಿಗೆ ತೂಗಿಹಾಕಿಕೊಂಡರೆ ‘ಮೆದಾ’, ಬೆನ್ನಿನ ಮೇಲೆ ಮೂಟೆಯಾಗಿ ಹೊತ್ತರೆ ‘ಜಿದಾ’, ತಲೆಯ ಮೇಲಿಟ್ಟುಕೊಂಡರೆ ‘ಇದಾ’, ಕಂಕುಳಲ್ಲಿ ಅವುಚಿಕೊಂಡರೆ ‘ಕ್ಕಿದಾ’, ಎರಡು ತೋಳುಗಳಿಂದ ಎದೆಗೆ ಅಪ್ಪಿಕೊಂಡರೆ ‘ಆನ್ತಾ’. ಬೆನ್ನಿನ ಮೇಲಿರುವುದು ಮೂಟೆಯಲ್ಲ, ಮಗು ಅಥವಾ ಮನುಷ್ಯ ಎಂದಾದರೆ ‘ಜಿದಾ’ ಸಲ್ಲದು, ಅದಕ್ಕೆ ‘ಒಪ್ತಾ’ ಎಂಬ ಬೇರೆಯೇ ಪದವಿದೆ. ಇಂಗ್ಲಿಷ್ ಪಠ್ಯಗಳು ಇವುಗಳಲ್ಲಿ ಹೆಚ್ಚಿನವಕ್ಕೆ ‘ಕ್ಯಾರಿ’ ಎಂಬ ಒಂದೇ ಪದವನ್ನು ಮುಂದಿಡುವುದರಿಂದ, ಆ ಪಠ್ಯಗಳ ಮೂಲಕ ಕಲಿಯುವವರ ಕಣ್ಣಿಗೆ ಈ ಭೇದಗಳು ಬರಿಯ ತೊಡಕಾಗಿ ಕಾಣುತ್ತವೆ. ಅವು ಒಂದು ಜನಪದದ ದುಡಿಮೆಯ ದಾಖಲೆ ಎಂಬುದು ಮರೆಯಾಗಿಬಿಡುತ್ತದೆ.

‘ಜಿದಾ’ ಎಂಬ ಪದದ ಹಿಂದೆ ‘ಜಿಗೆ’ ಎಂಬ ಸಾಧನವಿದೆ. ಇಂಗ್ಲಿಷಿನ ‘ಎ’ ಅಕ್ಷರದ ಆಕಾರದಲ್ಲಿ ಎರಡು ಕವಲುಮರಗಳನ್ನು ಜೋಡಿಸಿ, ಹುಲ್ಲಿನ ಹೆಗಲಪಟ್ಟಿ ಕಟ್ಟಿ ಮಾಡಿದ ಈ ಚೌಕಟ್ಟಿನ ಮೇಲೆ ಸೌದೆ, ಧಾನ್ಯ, ಗೊಬ್ಬರ, ಮಡಕೆಗಳನ್ನೆಲ್ಲ ಹೇರಿ, ಕೊರಿಯಾದ ಗಂಡಸರು ಬೆಟ್ಟದ ಕಾಲುದಾರಿಗಳಲ್ಲಿ ಶತಮಾನಗಳ ಕಾಲ ನಡೆದರು. 1950ರಿಂದ 1953ರವರೆಗಿನ ಯುದ್ಧದಲ್ಲಿ ಗಾಡಿ ಹೋಗಲಾರದ ಎತ್ತರಗಳಿಗೆ ಮದ್ದುಗುಂಡು ಮತ್ತು ಆಹಾರವನ್ನು ಮುಟ್ಟಿಸಿದ ಕೂಲಿಗಳ ಬೆನ್ನಿನ ಮೇಲಿದ್ದದ್ದೂ ಇದೇ ಜಿಗೆ. ಹೆಂಗಸರ ಭಾರ ತಲೆಯ ಮೇಲಿರುತ್ತಿತ್ತು. ಮನೆಮಠ ಬಿಟ್ಟು ಗುಳೆ ಹೊರಟ ಕುಟುಂಬಗಳ ಪಾಡನ್ನು ಹೇಳಲು ಚೀನೀ ಮೂಲದ ನಾಲ್ಕು ಅಕ್ಷರಗಳಿಂದಾದ ‘ನಾಮ್‌ಬುಯೊದೆ’ ಎಂಬ ನುಡಿಗಟ್ಟು ಬಳಕೆಯಲ್ಲಿದ್ದು, ಗಂಡು ಬೆನ್ನಿನಲ್ಲಿ ಹೊತ್ತ, ಹೆಣ್ಣು ತಲೆಯಲ್ಲಿ ಹೊತ್ತಳು ಎಂಬುದು ಅದರ ಅಕ್ಷರಶಃ ಅರ್ಥ. ಎರಡು ಕ್ರಿಯಾಪದಗಳ ನಡುವಿನ ವ್ಯತ್ಯಾಸದಲ್ಲಿ ಒಂದು ಸಮಾಜದ ಕೆಲಸದ ಹಂಚಿಕೆಯೂ ಅದರ ನೋವಿನ ಚರಿತ್ರೆಯೂ ಅಡಗಿವೆ.

ಕನ್ನಡದವರಿಗೆ ಇದು ದೂರದ ಸಂಗತಿಯಾಗಿ ತೋರಬೇಕಾಗಿಲ್ಲ. ಕೊಡ ಹೊರುವ ತಲೆಗೆ ನಮ್ಮ ಹಳ್ಳಿಗಳಲ್ಲಿ ಬಟ್ಟೆಯ ಸಿಂಬಿ ಇರುವಂತೆ ಕೊರಿಯಾದಲ್ಲಿ ‘ತ್ವಾರಿ’ ಇದೆ, ಮತ್ತು ಹಾವು ಸುರುಳಿಯಾಗಿ ಮಲಗಿದ್ದನ್ನು ಕನ್ನಡಿಗರು ಸಿಂಬಿ ಸುತ್ತಿಕೊಂಡಿದೆ ಎನ್ನುವ ಹಾಗೆಯೇ ಕೊರಿಯನ್ನರೂ ತ್ವಾರಿಯ ಹೆಸರಿನಲ್ಲೇ ಹೇಳುತ್ತಾರೆ. ಕನ್ನಡದಲ್ಲಿ ‘ಹೊರು’ ಎಂಬುದರಿಂದ ‘ಹೊರೆ’ ಹುಟ್ಟಿದಂತೆ ಅಲ್ಲಿ ‘ಜಿದಾ’ದಿಂದ ‘ಜಿಮ್’ ಹುಟ್ಟಿದೆ. ಇನ್ನೂ ಮುಖ್ಯವಾದದ್ದೆಂದರೆ, ಎರಡು ಭಾಷೆಗಳಲ್ಲಿಯೂ ಈ ಪದ ಬೆನ್ನಿನಿಂದ ಮನಸ್ಸಿಗೆ ಒಂದೇ ದಾರಿಯಲ್ಲಿ ಸಾಗಿದೆ: ಕನ್ನಡಿಗರು ಹೊಣೆಯನ್ನು ಹೊರುತ್ತಾರೆ, ಸಾಲವನ್ನು ಹೊರೆ ಎನ್ನುತ್ತಾರೆ, ಕೊರಿಯನ್ನರು ಹೊಣೆ, ಸಾಲ, ಅನ್ಯರ ಉಪಕಾರದ ಋಣ ಈ ಮೂರನ್ನೂ ‘ಜಿದಾ’ ಎಂಬ ಪದದಿಂದಲೇ ಹೇಳುತ್ತಾರೆ. ಜಿಗೆ ಇಂದು ಬಹುಮಟ್ಟಿಗೆ ವಸ್ತುಸಂಗ್ರಹಾಲಯ ಸೇರಿದ್ದರೂ ಅದನ್ನು ಹೊತ್ತ ಕ್ರಿಯಾಪದ ಬ್ಯಾಂಕಿನ ಸಾಲದಲ್ಲಿಯೂ ಅಧಿಕಾರಿಯ ಹೊಣೆಗಾರಿಕೆಯಲ್ಲಿಯೂ ದಿನನಿತ್ಯ ದುಡಿಯುತ್ತಿದೆ.

ವಾಕ್ಯರಚನೆಯಲ್ಲಿಯೂ ಹೋಲಿಕೆಗಳಿವೆ. ಕೊರಿಯನ್ನಿನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ತೆಗೆದುಕೊಂಡು ಹೋಗು’ ಎಂಬಂತೆ ಒಂದು ಕ್ರಿಯೆಯ ಬೆನ್ನಿಗೆ ಇನ್ನೊಂದನ್ನು ಕೂಡಿಸಿ ‘ಕಾಜ್ಯೊಗಾದಾ’ ಎನ್ನುವುದು ಅಲ್ಲಿ ಸಹಜ. ಇತರರಿಗಾಗಿ ಎತ್ತುವುದನ್ನು ಹೇಳುವ ‘ದುರೊ ಜುದಾ’ ಎಂಬುದಕ್ಕೆ ಕನ್ನಡದ ‘ಎತ್ತಿಕೊಡು’ ಪದಕ್ಕೆ ಪದವಾಗಿ ಸರಿಹೊಂದುತ್ತದೆ. ಹೋಮರ್ ಹಲ್ಬರ್ಟ್ ಎಂಬ ವಿದ್ವಾಂಸ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದ. ಇವೆರಡೂ ಒಂದೇ ಮೂಲದವು ಎಂಬ ವಾದವನ್ನು ಇಂದಿನ ಭಾಷಾವಿಜ್ಞಾನ ಒಪ್ಪಿಕೊಂಡಿಲ್ಲವಾದರೂ, ರಚನೆಯ ಈ ಸಾಮ್ಯ ಕಲಿಯುವವರಿಗೆ ಆಸರೆಯಾಗುವುದಕ್ಕೆ ರಕ್ತಸಂಬಂಧ ಸಾಬೀತಾಗಬೇಕಾದ ಅಗತ್ಯವೇನೂ ಇಲ್ಲ.

ಕನ್ನಡದ ನೆರವು ನಿಂತುಹೋಗುವ ಜಾಗಗಳೂ ಇವೆ, ಕಲಿಕೆ ನಿಜವಾಗಿ ಆರಂಭವಾಗುವುದು ಅಲ್ಲಿಯೇ. ಕಿರಿಯರನ್ನು ಕರೆದುಕೊಂಡು ಹೋಗುವುದಕ್ಕೆ ‘ದೆರಿದಾ’ ಎಂಬ ಧಾತುವಿದ್ದರೆ ಹಿರಿಯರ ವಿಷಯದಲ್ಲಿ ‘ಮೊಶಿದಾ’ ಎಂದೇ ಹೇಳಬೇಕು. ಕನ್ನಡದಲ್ಲಿ ಗೌರವವನ್ನು ಮುಖ್ಯವಾಗಿ ಸರ್ವನಾಮ ಮತ್ತು ಪ್ರತ್ಯಯಗಳು ಹೊತ್ತರೆ, ಇಲ್ಲಿ ಕ್ರಿಯಾಪದವೇ ಬದಲಾಗುತ್ತದೆ, ಮತ್ತು ವಯಸ್ಸಾದ ತಂದೆತಾಯಿಯರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದಕ್ಕೂ ಇದೇ ‘ಮೊಶಿದಾ’ ಸಲ್ಲುತ್ತದೆ. ಉಚ್ಚಾರಣೆಯೂ ಎಚ್ಚರವನ್ನು ಬೇಡುತ್ತದೆ: ಬೆನ್ನಿನಲ್ಲಿ ಹೊರುವ ‘ಒಪ್ತಾ’ ಮತ್ತು ‘ಇಲ್ಲ’ ಎಂಬರ್ಥದ ‘ಒಪ್ತಾ’ ಮೂಲರೂಪದಲ್ಲಿ ಕಿವಿಗೆ ಹೆಚ್ಚುಕಡಿಮೆ ಒಂದೇ ಆಗಿದ್ದು, ವಾಕ್ಯದಲ್ಲಿ ಮೊದಲನೆಯದು ‘ಒಬೊಯೊ’ ಎಂದೂ ಎರಡನೆಯದು ‘ಒಪ್ಸೊಯೊ’ ಎಂದೂ ರೂಪ ತಾಳಿದಾಗ ಮಾತ್ರ ಬೇರೆಯಾಗುತ್ತವೆ. ಇಂಥ ಭೇದಗಳು ಕೊರಿಯಾದ ಮಕ್ಕಳಿಗೆ ಬಹಳ ಬೇಗ ಒಲಿಯುತ್ತವೆ. ಬಿಗಿಯಾಗಿ ಕೂರುವುದನ್ನು ಸೂಚಿಸುವ ‘ಕ್ಕಿದಾ’ ಬೆರಳಿನ ಉಂಗುರಕ್ಕೂ ಕಂಕುಳಿನ ಪುಸ್ತಕಕ್ಕೂ ಸಲ್ಲುವ ಪದ. ಸೂಂಜಾ ಚೋಯ್ ಮತ್ತು ಮೆಲಿಸ್ಸಾ ಬವರ್ಮನ್ 1991ರಲ್ಲಿ ಪ್ರಕಟಿಸಿದ ಅಧ್ಯಯನ, ಎರಡು ವರ್ಷ ತುಂಬದ ಕೊರಿಯನ್ ಮಕ್ಕಳು ಇಂಥ ಪದಗಳನ್ನು ತಮ್ಮ ಭಾಷೆಯ ವಿಂಗಡಣೆಯಂತೆಯೇ ಬಳಸುವುದನ್ನು ತೋರಿಸಿಕೊಟ್ಟಿತು. ಮಕ್ಕಳು ಇವನ್ನು ಪಟ್ಟಿಯಿಂದ ಕಲಿಯುವುದಿಲ್ಲ, ಎತ್ತಿಸಿಕೊಂಡು, ಅಪ್ಪಿಸಿಕೊಂಡು, ‘ಪೊದೆಗಿ’ ಎಂಬ ಹೊದಿಕೆಯಲ್ಲಿ ತಾಯಿಯ ಬೆನ್ನಿಗೆ ಕಟ್ಟಿಸಿಕೊಂಡು ಕಲಿಯುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಕೊರಿಯನ್ನನ್ನೂ ಹೆಸರಿಸಿದೆ, ಮತ್ತು ಕೊರಿಯಾದ ಧಾರಾವಾಹಿಗಳನ್ನು ನೋಡುತ್ತ ಬೆಳೆದ ಕನ್ನಡದ ಯುವಜನರಲ್ಲಿ ಆ ಭಾಷೆಯ ಮೇಲಿನ ಒಲವು ನಿಜವಾದದ್ದು. ಧಾರಾವಾಹಿಯಲ್ಲಿ ನಾಯಕ ದಣಿದ ನಾಯಕಿಯನ್ನು ಬೆನ್ನ ಮೇಲೆ ಹೊತ್ತು ನಡೆಯುವುದನ್ನು ಕಂಡಾಗ ಅವರು ನೆನಪಿಸಿಕೊಳ್ಳಬೇಕಾದದ್ದು ‘ಕ್ಯಾರಿ’ ಎಂಬುದನ್ನಲ್ಲ, ಬಾಲ್ಯದಲ್ಲಿ ಅಪ್ಪನೋ ಅಣ್ಣನೋ ಮಾಡಿದ ಉಪ್ಪುಮೂಟೆಯನ್ನು. ಏಕೆಂದರೆ ‘ಒಪ್ತಾ’ ಎಂಬ ಪದದೊಳಗಿನ ಬಿಸುಪು ಅಲ್ಲಿಯೇ ಇದೆ. ಆದ್ದರಿಂದ ಕನ್ನಡದ ಮೂಲಕವೇ ಕೊರಿಯನ್ ಕಲಿಸುವ, ಹೆಗಲು, ಬೆನ್ನು, ಕಂಕುಳು, ಬೊಗಸೆಗಳ ನಮ್ಮ ಪದಸಂಪತ್ತನ್ನು ಅದಕ್ಕಾಗಿ ದುಡಿಸಿಕೊಳ್ಳುವ ಪಠ್ಯಗಳು ಮತ್ತು ನಿಘಂಟುಗಳು ಸಿದ್ಧವಾಗಬೇಕು. ಅಂಥ ಕೆಲಸದಿಂದ ಕೊರಿಯನ್ ಸುಲಭವಾಗುವುದಷ್ಟೇ ಅಲ್ಲ, ಬಳಕೆ ತಪ್ಪುತ್ತಿರುವ ಕನ್ನಡದ ಪದಗಳಿಗೂ ಹೊಸ ಕೆಲಸ ಸಿಗುತ್ತದೆ.

ಬೆನ್ನ ಮೇಲಿನ ಕೂಸನ್ನು ಮೂರು ವರ್ಷ ಹುಡುಕಿದರು ಎಂಬರ್ಥದ ಗಾದೆಯೊಂದು ಕೊರಿಯಾದಲ್ಲಿದೆ. ಕನ್ನಡದ ಗಾದೆಯಲ್ಲಿ ಕೂಸು ಕಂಕುಳಲ್ಲಿದೆ, ಹುಡುಕಾಟ ಊರೆಲ್ಲ ನಡೆದಿದೆ. ಕೂಸನ್ನು ಹೊರುವ ಅಂಗ ಬೇರೆಯಾದರೂ ಮರೆವು ಎರಡು ಕಡೆಯೂ ಒಂದೇ. ಪರಭಾಷೆಯ ಕೀಲಿಯನ್ನು ಇನ್ನೊಂದು ಪರಭಾಷೆಯಲ್ಲಿಯೇ ಹುಡುಕುತ್ತಿರುವ ಕನ್ನಡದ ಕಲಿಕೆಗೆ ಈ ಎರಡು ಗಾದೆಗಳೂ ಹೇಳುವ ಮಾತು ಒಂದೇ.